ವೀಳ್ಯ ಕೊಟ್ಟ ಮನೆಗೆ

ಏಪ್ರಿಲ್ 2, ಬುಧವಾರ

ಹೊಸ ಡ್ರೈವೂ ಕೈಕೊಟ್ಟಿತು. ಹೋದ ತಿಂಗಳು ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಹಳೆಯ ಡಿವಿಡಿ ರೈಟರ್ ಕಣ್ಣು ಮುಚ್ಚಿದಾಗ ಸಿದ್ದರಾಜು ತನ್ನ ಅಂಗಡಿಯಿಂದ ಈ ತೆಳ್ಳನೆಯದನ್ನು ಕೊಟ್ಟಿದ್ದ, ಹೊರಗಿಟ್ಟು ವೈರ್ ಚುಚ್ಚುವಂಥದ್ದು. "ಹತ್ತು ನಿಮಿಷಕ್ಕೊಂದು ಡಿಸ್ಕ್ ಬರ್ದು ಆಚೆಗೆ ತಳ್ತದೆ ಕಣಕ್ಕ, ನೀವು ಕಾಫಿ ಕುಡ್ಕೊಂಡು ಕೂತಿರಿ" ಎಂದಿದ್ದ. ಇವತ್ತು ಒಂದೊಂದು ಡಿಸ್ಕಿಗೂ ಮುಕ್ಕಾಲು ಗಂಟೆ. ಕಾಫಿ ಏನು ಬಂತು, ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು ಬರಬಹುದು.

ಮುನ್ನೂರು ಡಿಸ್ಕ್ ಬೇಕು. ಮೇ ನಾಲ್ಕಕ್ಕೆ ಮದುವೆ, ಕೆಸರೆಯ ಪುಟ್ಟಲಿಂಗಮ್ಮನ ಮೊಮ್ಮಗಳು ಸಂಘಮಿತ್ರಳದು. ಪುಟ್ಟಲಿಂಗಮ್ಮ ಸೋಬಾನೆ ಪದ ಹಾಡುವವಳು. ಅರಿಶಿನಕ್ಕೊಂದು, ಚಪ್ಪರಕ್ಕೊಂದು, ಹಸೆಗೊಂದು ಎಂದು ಅವಳ ಬಾಯಲ್ಲಿರುವ ಮದುವೆ ಹಾಡುಗಳನ್ನೆಲ್ಲ, ಒಂದನ್ನು ಬಿಟ್ಟು, ನಾವು ವಿಡಿಯೋ ಮಾಡಿದ್ದೇವೆ. ಮದುವೆಗೆ ಬಂದವರ ತಾಂಬೂಲದ ಚೀಲದಲ್ಲಿ ಅದರ ಡಿಸ್ಕ್ ಇಟ್ಟು ಕೊಡಬೇಕೆಂದು ಅವಳ ಆಸೆ.

ನಮ್ಮ ಮನೆಯವರು ನಗುತ್ತಾರೆ. "ಈ ಕಾಲದಲ್ಲಿ ಡಿಸ್ಕ್ ಹಾಕೋ ಪೆಟ್ಟಿಗೆ ಯಾರ ಮನೇಲಿದೆ ಕುಸುಮ? ಹಾಲಿನ ಲೋಟ ಮುಚ್ಚಕ್ಕೆ ಇಟ್ಕೋತಾರೆ ಅಷ್ಟೆ." ಅವರ ಮಾತು ಸುಳ್ಳಲ್ಲ. ಬೇರೆ ಮದುವೆಗಳ ವಿಡಿಯೋ ಎಲ್ಲ ಈಗ ಫೋನಿಗೇ ಹೋಗುತ್ತದೆ. ಆದರೆ ಈ ಅಜ್ಜಿಯ ಲೆಕ್ಕ ಬೇರೆ. ಹಾಡಿಸುವವರು ಅವಳ ಮನೆಗೆ ಬಂದು ಎಲೆಯಡಿಕೆ ಕೈಗಿಟ್ಟು ಕರೆಯಬೇಕು. ವೀಳ್ಯ ಕೊಡದ ಮನೆಗೆ ಅವಳೂ ಹೋಗುವುದಿಲ್ಲ, ಅವಳ ಪದವೂ ಹೋಗಬಾರದು. ಫೋನಿಗೆ ಹಾಕಿದರೆ ಅದು ಯಾರ ಮನೆಗೆ ನುಗ್ಗಿತೆಂದು ಯಾರಿಗೆ ಗೊತ್ತು? ಡಿಸ್ಕಾದರೆ ಎಲೆಯಡಿಕೆಯ ಜೊತೆ ಕೈಯಿಂದ ಕೈಗೆ ಕೊಡುವ ವಸ್ತು. ಪೆನ್‌ಡ್ರೈವ್‌ನಲ್ಲಿ ಕೊಡೋಣವೇ ಎಂದೆ. "ಅದ್ರಾಗೆ ನನ್ನ ಅಳ್ಸಿ ಸಿನ್ಮಾ ತುಂಬ್ಕೊತಾರೆ ಕಣ್ಮಗ" ಎಂದಳು. ಹಟಮಾರಿ ಮುದುಕಿ. ಕೆಲಸ ಆಗಬೇಕಲ್ಲ ಎಂದು ನಾನೇ ವೀಳ್ಯ ಹಿಡಿದು ಹೋಗಿ, ಬೇರೆ ಎಲ್ಲೂ ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ಆ ದಿನ ಕ್ಯಾಮೆರಾ ಹಿಂದೆ ವಾಗೀಶಣ್ಣ ಇದ್ದರು. ಹದಿನೆಂಟು ವರ್ಷದಿಂದ ಲಷ್ಕರ್ ಮೊಹಲ್ಲಾದ ಈ ಮಹಡಿ ಸ್ಟುಡಿಯೋಕ್ಕೆ ನಾವಿಬ್ಬರು ಪಾಲುದಾರರು. ಅವರದು ಶೂಟಿಂಗ್, ನನ್ನದು ಎಡಿಟಿಂಗ್. ಒಡಹುಟ್ಟಿದವರಿಗಿಂತ ಹೆಚ್ಚು. "ಯೋಚ್ನೆ ಮಾಡ್ಬೇಡ ಕುಸುಮ, ಆಗುತ್ತೆ" ಎಂದು ಇವತ್ತೂ ಹೇಳಿ ಹೋದರು. ಅವರು ಹಾಗೆಂದರೆ ನನಗೆ ಅರ್ಧ ಕೆಲಸ ಮುಗಿದಂತೆ.

ಏಪ್ರಿಲ್ 4, ಶುಕ್ರವಾರ

ಸಿದ್ದರಾಜು ಮೆಟ್ಟಿಲು ಹತ್ತಿ ಬಂದು ನೋಡಿದ. ಅಜ್ಜಿಯ ಹಾಡುಗಳಿರುವ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಮೌಸ್, ಕೀಬೋರ್ಡ್ ಎಲ್ಲವೂ ಒಂದೇ ಹಬ್‌ಗೆ ನೇತಾಡುತ್ತಿದ್ದವು.

"ಒಂದೇ ನಲ್ಲಿಗೆ ನಾಕ್ ಬಿಂದ್ಗೆ ಇಟ್ರೆ ಯಾವ್ದು ತುಂಬ್ತದೆ ಹೇಳಿ" ಎಂದ.

ಹಬ್ ಕಿತ್ತು ಪಕ್ಕಕ್ಕಿಟ್ಟ. ಡ್ರೈವನ್ನು ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚಿದ. ಮುಂಭಾಗದ ಪೋರ್ಟುಗಳಿಗೆ ಸಾಕಷ್ಟು ಕರೆಂಟ್ ಸಿಗುವುದಿಲ್ಲವಂತೆ. ಉದ್ದನೆಯ ವೈರ್ ತೆಗೆದು ಗೇಣುದ್ದದ್ದು ಕೊಟ್ಟ. ಮುಕ್ಕಾಲು ಗಂಟೆಯದು ಅರ್ಧ ಗಂಟೆಗೆ ಇಳಿಯಿತು. ಅವನು ಗೆದ್ದವನ ಹಾಗೆ ನಕ್ಕ. ನಾನು ನಗಲಿಲ್ಲ. ಹತ್ತು ನಿಮಿಷ ಎಂದು ಹೇಳಿ ಮಾರಿದವನು ಅರ್ಧ ಗಂಟೆಗೆ ನಗುವುದೆಂದರೇನು?

ಅವನು ಹೋದ ಮೇಲೆ ಬರೆದ ಡಿಸ್ಕನ್ನು ಹಾಕಿ ಪರೀಕ್ಷೆ ಮಾಡಿದೆ. ಪುಟ್ಟಲಿಂಗಮ್ಮ ಗೋಡೆಗೊರಗಿ ಕೂತು ಅರಿಶಿನದ ಪದ ಎತ್ತಿಕೊಳ್ಳುತ್ತಾಳೆ. ಎಪ್ಪತ್ತು ದಾಟಿದ ಗಂಟಲು, ಆದರೂ ಒಂದು ಕಡೆಯೂ ಜಾರುವುದಿಲ್ಲ. ನಡುವೆ ಒಮ್ಮೆ ಕೆಮ್ಮು ಬಂದಿತ್ತು, ಅದನ್ನು ಕತ್ತರಿಸಿ ತೆಗೆದಿದ್ದೇನೆ. ಸಭೆಯಲ್ಲಿ ಕೆಮ್ಮಿದ ಹಾಗಾಯ್ತಲ್ಲ ಎಂದು ಅವಳು ನೊಂದುಕೊಂಡಿದ್ದಳು. ಇಷ್ಟು ಚೊಕ್ಕವಾಗಿದೆ ಹಾಡು. ಈ ದರಿದ್ರ ಡ್ರೈವ್ ಮಾತ್ರ ಹೆರಿಗೆ ನೋವು ತಿನ್ನುತ್ತದೆ.

ಏಪ್ರಿಲ್ 5, ಶನಿವಾರ

ಡಿಸ್ಕ್ ಬದಲಾಯಿಸಿದೆ. ಹೆಸರಿಲ್ಲದ ಬಿಳಿ ಡಿಸ್ಕುಗಳನ್ನು ಡ್ರೈವ್ ನಂಬುವುದಿಲ್ಲ, ಗುರುತು ಸಿಗದಿದ್ದರೆ ತಾನಾಗಿಯೇ ನಿಧಾನಿಸುತ್ತದೆ ಎಂದು ಎಲ್ಲೋ ಓದಿದೆ. ಒಳ್ಳೆಯ ಕಂಪನಿಯ ಡಬ್ಬಿ ತಂದೆ. ಸಾಫ್ಟ್‌ವೇರಿನಲ್ಲಿ ವೇಗವನ್ನು ಎಂಟಕ್ಕೆ ಇಟ್ಟೆ, ನಾಲ್ಕಕ್ಕೆ ಇಳಿಸಿದೆ, ಮತ್ತೆ ಎಂಟಕ್ಕೆ ಏರಿಸಿದೆ. ಆಂಟಿವೈರಸ್ ಮಲಗಿಸಿದೆ. ಪರದೆಯ ಮೇಲೆ ಹಸಿರು ಪಟ್ಟಿ ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಯಾರೋ ಕೂಗಿದರೇನೋ ಎಂಬಂತೆ ತಿರುಗಿ ನೋಡಿ ಮತ್ತೆ ಓಡುತ್ತದೆ. ಬರೆಯಬೇಕಾದ ಡೇಟಾ ಹಾರ್ಡ್ ಡಿಸ್ಕಿನಿಂದ ಸಮಯಕ್ಕೆ ಬಾರದೆ ಡ್ರೈವ್ ಕಾಯುತ್ತಿದೆ. ಯಾಕೆ ಬರುವುದಿಲ್ಲವೋ ಗೊತ್ತಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಡ್ರೈವಿಗೆ ನೆಲ ಬದಲಾಯಿಸಿ ಕೊಟ್ಟರೂ ಕುಣಿಯಲು ಬರುತ್ತಿಲ್ಲ.

ಏಪ್ರಿಲ್ 9, ಬುಧವಾರ

ಇಡೀ ವಾರ ಕೂತರೂ ಡಬ್ಬಿಯ ಕಾಲು ಭಾಗ ಖಾಲಿಯಾಗಿಲ್ಲ. ಮನೋಹರ್ ಫೋನ್ ಮಾಡಿದ್ದರು. ಪುಟ್ಟಲಿಂಗಮ್ಮನ ಮಗ, ಸಿಟಿ ಬಸ್ ಓಡಿಸುತ್ತಾರೆ, ಮಾತು ಕಡಿಮೆ. ಬೆಳಗ್ಗೆ ಬುದ್ಧವಂದನೆ, ಆಮೇಲೆ ಮದುವೆ, ಕೊನೆಯಲ್ಲಿ ಅಮ್ಮನ ಹೆಣ್ಣೊಪ್ಪಿಸುವ ಪದ ಎಂದು ಕಾರ್ಯಕ್ರಮ ಹೇಳಿದರು. ಆ ಒಂದು ಪದವನ್ನು ಅಜ್ಜಿ ನಮ್ಮ ಮುಂದೆ ಹಾಡಿರಲಿಲ್ಲ. ಎದುರಿಗೆ ಹೊರಟು ನಿಂತ ಹುಡುಗಿ ಇಲ್ಲದೆ ಅದನ್ನು ಬಾಯಿಗೆ ತರಬಾರದಂತೆ. ಮೊಮ್ಮಗಳನ್ನು ಒಪ್ಪಿಸುವಾಗ ಹಾಡುತ್ತೇನೆ, ಆಗ ಹಿಡ್ಕೊ ಎಂದಿದ್ದಾಳೆ. ಅವಳನ್ನು ಬಿಟ್ಟರೆ ಆ ಪದ ಪೂರ್ತಿ ಬರುವವರು ಈಗ ಯಾರೂ ಇಲ್ಲ.

ವಾಗೀಶಣ್ಣ ದೋಸೆ ಕಟ್ಟಿಸಿಕೊಂಡು ಬಂದರು. ನನ್ನ ಮುಖ ನೋಡಿ ಡ್ರೈವನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಸಿದ್ದರಾಜು ಸೆಕೆಂಡ್ಸ್ ಮಾಲು ತಳ್ಳಿರ್ತಾನೆ ಕಣಮ್ಮ. ನೀನು ಸುಮ್ನಿದ್ರೆ ತಲೆ ಮೇಲೆ ಕೂರ್ತಾನೆ. ಹೋಗಿ ಕೇಳು."

ಹೋಗುವಾಗ ಕಂಪ್ಯೂಟರ್ ಆರಿಸಬೇಡ, ನೆಟ್ ಹಾಗೇ ಇರಲಿ, ಏನೇನೋ ಅಪ್‌ಡೇಟ್ ಆಗುತ್ತಿರುತ್ತದೆ ಎಂದರು. ಇದೆಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನು ತಲೆ ಹಾಕುವುದಿಲ್ಲ.

ಏಪ್ರಿಲ್ 12, ಶನಿವಾರ

ಸಿದ್ದರಾಜುವಿನ ಅಂಗಡಿಗೆ ಹೋಗಿ ನಾಲ್ಕು ಗಿರಾಕಿಗಳ ಎದುರಿಗೇ ಕೇಳಿದೆ. ಎಷ್ಟು ವರ್ಷದ ಗುರುತು, ನನಗೇ ಹಳಸಿದ ಮಾಲು ಕಟ್ಟುವುದೇ ಎಂದೆ. ಇನ್ನೂ ಏನೇನೋ ಅಂದೆ. ಅವನ ಮುಖ ಚಿಕ್ಕದಾಯಿತು. ಸೀಲ್ ಒಡೆಯದ ಬೇರೆ ಡ್ರೈವ್ ತೆಗೆದು ಕೊಟ್ಟ.

"ಇದೂ ಅಂಗೇ ಆದ್ರೆ ತಪ್ಪು ಡ್ರೈವ್‌ದಲ್ಲ ಕಣಕ್ಕ. ಬ್ಯಾರೆ ಏನೋ ಐತೆ ಅಂತ ತಿಳ್ಕೊಳಿ."

ಮಾತು ಬೆಳೆಸುವುದರಲ್ಲಿ ಈ ಅಂಗಡಿಯವರು ಗಟ್ಟಿಗರು. ಸ್ಟುಡಿಯೋಕ್ಕೆ ತಂದು ಹಾಕಿದೆ. ಇದಕ್ಕೂ ಅರ್ಧ ಗಂಟೆ ಹಿಡಿಯಿತು. ಅಳು ಬಂತು.

ಏಪ್ರಿಲ್ 13, ಭಾನುವಾರ

ದೇವರು ಕಣ್ಣು ಬಿಟ್ಟ. ಬೆಳಗ್ಗೆ ಬಂದು ಮೊದಲ ಡಿಸ್ಕ್ ಹಾಕಿ, ಮುಖ ತೊಳೆದು ಬರುವಷ್ಟರಲ್ಲಿ ತಟ್ಟೆ ಹೊರಗೆ ಬಂದಿತ್ತು. ಕೆಟ್ಟಿತೇನೋ ಎಂದು ಹಾಕಿ ನೋಡಿದರೆ ಅಜ್ಜಿ ಮೊದಲಿಂದ ಕೊನೆತನಕ ಲಕ್ಷಣವಾಗಿ ಹಾಡುತ್ತಿದ್ದಾಳೆ. ಸಾಯಂಕಾಲದವರೆಗೆ ಒಂದರ ಹಿಂದೆ ಒಂದು, ಸುಟ್ಟ ಹಪ್ಪಳ ತೆಗೆದಂತೆ ತೆಗೆದೆ. ಹೊಸ ಡ್ರೈವ್ ಒಂದು ದಿನ ಹೊಂದಿಕೊಳ್ಳಬೇಕಿತ್ತೇನೋ.

ಕೆಳಗೆ ರಸ್ತೆ ಅಗೆದು ಯಾರದೋ ಕೇಬಲ್ ಕತ್ತರಿಸಿದ್ದಾರಂತೆ, ಬೀದಿಗೆಲ್ಲ ನೆಟ್ ಇರಲಿಲ್ಲ. ಒಳ್ಳೆಯದೇ ಆಯಿತು, ಫೋನ್ ಗಲಾಟೆಯಿಲ್ಲದೆ ಕೆಲಸ ನಡೆಯಿತು. ವಾಗೀಶಣ್ಣ ನಂಜನಗೂಡಿನ ಕಡೆ ಒಂದು ಮದುವೆ ಶೂಟಿಂಗಿಗೆ ಹೋಗಿದ್ದಾರೆ, ವಾರ ಪೂರ್ತಿ ಬರುವುದಿಲ್ಲ. ಅಲ್ಲಿಂದ ಎರಡು ಸಲ ಫೋನ್ ಮಾಡಿ ನೆಟ್ ಯಾವಾಗ ಬರುತ್ತದೆ ಎಂದು ಕೇಳಿದರು. ನಾನು ಡಿಸ್ಕ್ ಓಡುತ್ತಿರುವ ಸುದ್ದಿ ಹೇಳಿದೆ. "ಹೌದಾ" ಎಂದರು ಅಷ್ಟೆ.

ಏಪ್ರಿಲ್ 15, ಮಂಗಳವಾರ

ಮತ್ತೆ ಅದೇ ಹಾಡು. ನೆನ್ನೆ ಮಧ್ಯಾಹ್ನದಿಂದ ಅರ್ಧ ಗಂಟೆಗೊಂದು. ಡ್ರೈವ್ ಅದೇ, ವೈರ್ ಅದೇ, ಪೋರ್ಟ್ ಅದೇ, ಡಬ್ಬಿಯೂ ಅದೇ. ಸಿದ್ದರಾಜುವಿಗೆ ಫೋನ್ ಮಾಡಲು ಮುಖವಿಲ್ಲ.

ಕೂತು ಯೋಚನೆ ಮಾಡಿದೆ. ಭಾನುವಾರ ಇದ್ದದ್ದೆಲ್ಲ ಇವತ್ತೂ ಇದೆ. ಭಾನುವಾರ ಇಲ್ಲದ್ದು ಯಾವುದು ಇವತ್ತು ಇದೆ?

ಏಪ್ರಿಲ್ 16, ಬುಧವಾರ

ನೆಟ್‌ನ ವೈರ್ ಕಿತ್ತೆ. ಹತ್ತು ನಿಮಿಷಕ್ಕೆ ಡಿಸ್ಕ್ ಬಂತು. ವೈರ್ ಚುಚ್ಚಿದೆ. ಹಸಿರು ಪಟ್ಟಿ ಮುಗ್ಗರಿಸಿತು. ಕಿತ್ತೆ, ಓಡಿತು. ಚುಚ್ಚಿದೆ, ನಿಂತಿತು. ಡಿಸ್ಕ್ ಬರೆಯುವುದಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ?

ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತ ಕೂತೆ. ಯಾವ ಕೆಲಸವೂ ಇಲ್ಲದಿದ್ದರೂ ಹಾರ್ಡ್ ಡಿಸ್ಕಿನ ನೀಲಿ ದೀಪ ಮಿಟುಕುತ್ತಲೇ ಇತ್ತು. ಯಾರೋ ಅದನ್ನು ಓದುತ್ತಿದ್ದಾರೆ. ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ಪಟ್ಟಿ ತೆಗೆದೆ. ಮೇಲೆಯೇ ಇತ್ತು. ನಾನು ಹಾಕಿದ್ದಲ್ಲ. ಒಂದು ಫೋಲ್ಡರಿನ ವಿಡಿಯೋಗಳನ್ನು ಓದಿ, ಸಣ್ಣದು ಮಾಡಿ, ಒಂದೊಂದಾಗಿ ನೆಟ್ಟಿಗೆ ಏರಿಸುವ ಪ್ರೋಗ್ರಾಂ. ಫೋಲ್ಡರಿನ ಹೆಸರು ಪುಟ್ಟಲಿಂಗಮ್ಮ. ಏರಿಸುತ್ತಿದ್ದ ಖಾತೆಯ ಹೆಸರು ವಾಗೀಶ್ ಜಾನಪದ ಲೋಕ.

ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಸಂಕ್ರಾಂತಿಯಿಂದ ಹಾಕುತ್ತ ಬಂದಿದ್ದಾರೆ. ಅರಿಶಿನದ ಪದ, ಚಪ್ಪರದ ಪದ, ಹಸೆ ಪದ. ನಾನು ಎಡಿಟ್ ಮಾಡಿದ್ದಲ್ಲ, ಕ್ಯಾಮೆರಾದಿಂದ ಇಳಿಸಿದ್ದು ಇಳಿಸಿದ ಹಾಗೆಯೇ. ಅಜ್ಜಿಯ ಸೆರಗಿನ ಮೇಲೆ ಕೆಂಪು ಅಕ್ಷರದಲ್ಲಿ ವಾಗೀಶಣ್ಣನ ಹೆಸರು. ಅಜ್ಜಿಯ ಹೆಸರು ಎಲ್ಲೂ ಇಲ್ಲ. ಹಳ್ಳಿಯ ಮುಗ್ಧ ಅಜ್ಜಿ ಎಂದಿದೆ.

ಮೊದಲು ಅನ್ನಿಸಿದ್ದು, ಇದು ಬೇರೆ ಯಾರೋ ವಾಗೀಶ ಇರಬೇಕು ಎಂದು. ನಾಚಿಕೆಯಾಗುತ್ತದೆ ಬರೆಯಲು. ಆದರೂ ಹಾಗೇ ಅನ್ನಿಸಿತು.

ಏಪ್ರಿಲ್ 17, ಗುರುವಾರ

ನೆಚ್ಚಿದ ಎಮ್ಮೆ ಕೋಣ ಈಯಿತು.

ಹಾರ್ಡ್ ಡಿಸ್ಕನ್ನೇ ಕಿತ್ತು ಮನೆಗೆ ತಂದಿಟ್ಟುಕೊಂಡಿದ್ದೇನೆ. ನಂಜನಗೂಡಿನಿಂದ ಫೋನ್ ಬಂತು, ಎತ್ತಲಿಲ್ಲ.

ಏಪ್ರಿಲ್ 18, ಶುಕ್ರವಾರ

ಅವತ್ತಿನ ಶೂಟಿಂಗ್ ಮೊದಲಿಂದ ನೋಡಿದೆ, ಹಾಡು ಶುರುವಾಗುವ ಮುಂಚಿನದು. ನಾನು ಎಲೆಯಡಿಕೆ ಕೊಡುತ್ತೇನೆ. ಪುಟ್ಟಲಿಂಗಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. "ಕರೆದೋರ ಮನೆಗೆ ಮಾತ್ರವ, ಬುಟ್ಟು ಬ್ಯಾರೆ ಕಡೀಕೆ ಬ್ಯಾಡ. ಮಾತು ತಪ್ಪಕಿಲ್ವಲ್ಲ?" ಎಂದು ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಅವರ ಕಣ್ಣು ನನ್ನನ್ನು ದಾಟಿ ಕ್ಯಾಮೆರಾ ಕಡೆಗೆ ಹೋಗುತ್ತದೆ. ಕ್ಯಾಮೆರಾ ಹಿಂದಿನಿಂದ ಒಂದು ದನಿ ಬರುತ್ತದೆ. "ಆಯ್ತಜ್ಜಿ, ನಮ್ಮ ಮೇಲೆ ನಂಬ್ಕೆ ಇಡಿ."

ಎಷ್ಟು ಸಲ ಎಡಿಟಿಂಗ್ ಮಾಡುವಾಗ ಇದನ್ನು ಕೇಳಿದ್ದೆನೋ. ಕತ್ತರಿಸಬೇಕಾದ ಭಾಗ ಎಂದು ದಾಟಿಸಿಬಿಡುತ್ತಿದ್ದೆ.

ಇನ್ನೊಂದು ನೆನಪಾಯಿತು. ಅವತ್ತು ಸಂಘಮಿತ್ರ ಎಲ್ಲರಿಗೂ ಕಾಫಿ ತಂದಳು. ನಾನು ಕುಡಿದೆ. ವಾಗೀಶ ಹೊಟ್ಟೆ ಸರಿಯಿಲ್ಲ ಎಂದ. ಕೆಸರೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಹೋಟೆಲಿನಲ್ಲಿ ಎರಡು ವಡೆ ತಿಂದು ಕಾಫಿ ಕುಡಿದ. ಪಾಪ, ಹಸಿದಿದ್ದ ಎಂದುಕೊಂಡಿದ್ದೆ ನಾನು.

ಏಪ್ರಿಲ್ 20, ಭಾನುವಾರ

ಬಂದ. ಏನೂ ಆಗಿಲ್ಲ ಎಂಬಂತೆ ಬ್ಯಾಗ್ ಇಳಿಸಿ ಫ್ಯಾನ್ ಹಾಕಿಕೊಂಡ. ನಾನು ಫೋನ್ ತೆರೆದು ಅವನ ಮುಂದೆ ಹಿಡಿದೆ. ತಡವರಿಸುತ್ತಾನೆ ಎಂದುಕೊಂಡಿದ್ದೆ. ತಡವರಿಸಲಿಲ್ಲ.

"ನೋಡ್ದ್ಯಾ? ಎಷ್ಟು ಜನ ನೋಡವ್ರೆ ಅದನ್ನೂ ನೋಡು. ದುಬೈಯಿಂದ ಒಬ್ರು ನಮ್ಮವ್ವ ನೆನಪಾದ್ಲು ಅಂತ ಬರ್ದವ್ರೆ."

"ವೀಳ್ಯ ಕೊಟ್ಟು ಮಾತು ಕೊಟ್ಟಿದ್ವಲ್ಲ" ಎಂದೆ.

"ಕುಸುಮ, ನಿನ್ನ ಮುನ್ನೂರು ಡಿಸ್ಕ್ ಯಾರು ಹಾಕ್ಕೊಂಡ್ ಕೇಳ್ತಾರೆ? ನಾಳೆ ಅಜ್ಜಿ ಹೋದ್ರೆ ಅವಳ ಜೊತೆ ಪದವೂ ಹೋಯ್ತದೆ. ನಾನು ಉಳಿಸ್ತಿದೀನಿ ಕಣಮ್ಮ. ಇದ್ರಲ್ಲಿ ತಪ್ಪೇನು?"

"ಉಳ್ಸೋನು ಅವರ ಹೆಸ್ರು ಹಾಕ್ಬೇಕಿತ್ತು. ನಿನ್ನ ಹೆಸ್ರು ಅವರ ಸೆರಗಿನ ಮೇಲೆ ಯಾಕಿದೆ?"

"ಕ್ಯಾಮೆರಾ ಹಿಡಿದೋನು ನಾನು."

"ಅವರ ಮನೆ ಕಾಫಿ ನಿನ್ನ ಗಂಟ್ಲಲ್ಲಿ ಇಳೀಲಿಲ್ಲ. ಅವರ ಹಾಡು ಮಾತ್ರ ಸಲೀಸಾಗಿ ಇಳೀತಲ್ಲ ವಾಗೀಶ."

ಆಗ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ ಕೇಳಿದ.

"ಮೊದ್ಲೇ ಹೇಳಿದ್ರೆ ನೀನು ಒಪ್ತಿದ್ದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಇಷ್ಟು ಸರಳ. ಹದಿನೆಂಟು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡು ತಿಂದವನು, ನಾನು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಮಾಡಿದ. ಗೊತ್ತಿಲ್ಲದೆ ಮಾಡಿದ್ದರೆ ಬೈದು ಬಿಡಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಡ್ರೈವ್ ಕೆಟ್ಟಿದೆ ಎಂದು ನನ್ನನ್ನು ಸಿದ್ದರಾಜುವಿನ ಮೇಲೆ ಛೂ ಬಿಟ್ಟವನೂ ಇವನೇ. ಒಳಗೆ ತನ್ನ ಕೆಲಸ ಓಡುತ್ತಿರುವಾಗ ನಾನು ಹಬ್ ಕಿತ್ತು, ವೈರ್ ಬದಲಾಯಿಸಿ, ಹುಚ್ಚಿಯ ಹಾಗೆ ಒದ್ದಾಡುವುದನ್ನು ದೋಸೆ ತಿನ್ನುತ್ತ ನೋಡಿದ.

ಹಾಕಿದ ವಿಡಿಯೋ ಅಳಿಸುವುದಿಲ್ಲ ಎಂದ. ಕ್ಯಾಮೆರಾ ತೆಗೆದುಕೊಂಡು ಇಳಿದು ಹೋದ. ಕ್ಯಾಮೆರಾ ಅವನದು, ಕಂಪ್ಯೂಟರ್ ನನ್ನದು. ಇನ್ನು ಹಂಚಿಕೊಳ್ಳಲು ಏನೂ ಉಳಿದಿಲ್ಲ.

ಏಪ್ರಿಲ್ 22, ಮಂಗಳವಾರ

ಸಿದ್ದರಾಜುವಿನ ಅಂಗಡಿಗೆ ಹೋಗಿ ತಪ್ಪಾಯಿತು ಎಂದೆ. ಅವತ್ತು ಇದ್ದ ಗಿರಾಕಿಗಳು ಇವತ್ತು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಬುಡಿ ಅಕ್ಕ" ಎಂದ. ವಿಡಿಯೋವನ್ನು ನೆಟ್‌ನಿಂದ ತೆಗೆಸಲು ಅವನ ಜೊತೆ ಕೂತು ನೋಡಿದೆ. ದೂರಿನ ಅರ್ಜಿ, ಇದರ ಹಕ್ಕು ನಿಮ್ಮದೇ ಎಂದು ಕೇಳುತ್ತದೆ. ನನ್ನದಲ್ಲ. ಹಕ್ಕಿರುವವರ ಹತ್ತಿರ ಫೋನೇ ಇಲ್ಲ. ಅಷ್ಟರಲ್ಲಿ ಸಿದ್ದರಾಜು ಇನ್ನೂ ಹತ್ತು ಕಡೆ ಅದೇ ಹಾಡು ಹುಡುಕಿ ತೋರಿಸಿದ. ವಾಗೀಶನ ಹೆಸರನ್ನೂ ಅಳಿಸಿ ಬೇರೆಯವರು ಹಾಕಿಕೊಂಡಿದ್ದಾರೆ. ನಗು ಬರಬೇಕಿತ್ತು.

ಡಿಸ್ಕುಗಳು ಈಗ ಹತ್ತು ನಿಮಿಷಕ್ಕೊಂದು ಬರುತ್ತಿವೆ, ಒಂದೂ ತಡವರಿಸುವುದಿಲ್ಲ. ಮುಗಿಸಿ ಏನು ಮಾಡುವುದೆಂದು ಗೊತ್ತಿಲ್ಲದೆ ಮುಗಿಸುತ್ತಿದ್ದೇನೆ.

ಮನೆಯವರು "ಹೇಳ್ಬೇಡ ಬಿಡು, ಅವರಿಗೆ ಎಲ್ಲಿ ಗೊತ್ತಾಗುತ್ತೆ" ಎಂದರು. ಹೇಳದಿರುವುದೇ ಇದಕ್ಕೆಲ್ಲ ಮೂಲ. ನಾನೂ ಅದನ್ನೇ ಮಾಡಲೇ?

ಏಪ್ರಿಲ್ 27, ಭಾನುವಾರ

ಕೆಸರೆಗೆ ಹೋಗಿ ಬಂದೆ. ಮುನ್ನೂರು ಡಿಸ್ಕುಗಳನ್ನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಆಟೋದಲ್ಲಿ ಒಯ್ದೆ. ಮನೆಯ ಮುಂದೆ ಚಪ್ಪರಕ್ಕೆ ಬೊಂಬು ಇಳಿಸಿದ್ದರು. ಪುಟ್ಟಲಿಂಗಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬಾ ಎಂದರು. ಎಂದಿನಂತೆ ಮಗ ಎಂದು ಸೇರಿಸಲಿಲ್ಲ. ನಾನು ಅದನ್ನು ಗಮನಿಸದವಳಂತೆ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಶುರು ಮಾಡಿದೆ.

"ಅವ್ವ, ಒಂದು ತಪ್ಪಾಗಿದೆ."

"ಗೊತ್ತು ಕಣವ್ವ" ಎಂದರು, ಮೊರದಿಂದ ಕಣ್ಣೆತ್ತದೆ.

ಗುರುವಾರ ಹಿಂದಿನ ಬೀದಿಯ ಸೋಮಮ್ಮನ ಮಗಳಿಗೆ ಅರಿಶಿನದ ಶಾಸ್ತ್ರವಿತ್ತಂತೆ. ಸೋಮಮ್ಮನ ಮದುವೆಗೆ ಹಾಡಿದವರೂ ಪುಟ್ಟಲಿಂಗಮ್ಮನೇ. ಆಮೇಲೆ ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಬೆಳಿಗ್ಗೆಯಿಂದ ಮೀಯ್ಕಂಡು ಒಳ್ಳೆ ಸೀರೆ ಉಟ್ಕಂಡು ಕುಂತಿದ್ದೆ. ಯೀಗ ವೀಳ್ಯ ತರ್ತಾಳೆ, ಆಗ ತರ್ತಾಳೆ ಅಂತ. ಸೊಸೆ ಉಣ್ಣು ಅಂದ್ಲು. ಹಾಡಾದ್ಮೇಲೆ ಉಂಡ್ರಾಯ್ತು ಅಂದೆ. ಬಿಸ್ಲು ನೆತ್ತಿಗೆ ಬಂತು. ಮರ್ತ್ಲೇನೋ ಅಂತ ನಾನೇ ಒಂದೆಜ್ಜೆ ಬೀದಿ ಕಡೆ ಹೋದೆ. ಸೋಮಿ ಮನೆ ಒಳಗಿಂದ ಪದ ಕೇಳುಸ್ತು. ಯಾರಪ್ಪ ಇಷ್ಟು ಚೆಂದಾಗಿ ಹಾಡೋಳು, ನನಗೆ ಗೊತ್ತಿಲ್ದೋಳು ಅಂದ್ಕಂಡೆ. ಆಮ್ಯಾಕೆ ಕೆಮ್ಮು ಬಂತು. ನನ್ನ ಕೆಮ್ಮು."

ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು. ತೆಗೆದು ಎಸೆದರು.

"ನನ್ನ ದನಿ ಒಳಗೆ ಮಣೆ ಮ್ಯಾಲೆ ಕುಂತಿತ್ತು ಕಣವ್ವ. ನಾನು ಬೀದೀಲಿ ನಿಂತಿದ್ದೆ."

ನಾನು ಹೇಳಿದೆ, ಇದು ನಾನು ಮಾಡಿದ್ದಲ್ಲ, ವಾಗೀಶ ಮಾಡಿದ್ದು, ನನಗೆ ಗೊತ್ತಾದದ್ದೇ ಈಗ ಎಂದು. ಡಿಸ್ಕ್ ನಿಧಾನವಾದ ಕಥೆ, ನೆಟ್ ಕಥೆ, ನೀಲಿ ದೀಪದ ಕಥೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅರ್ಥವಾಗಲಿಲ್ಲ ಎಂದು ಅನ್ನಿಸಲಿಲ್ಲ.

"ಅವನ್ನ ನಾನು ನೋಡೇ ಇಲ್ಲ ಕಣವ್ವ. ಅವನು ಪೆಟ್ಗೆ ಹಿಂದೆ ಇದ್ದ" ಎಂದರು. "ವೀಳ್ಯ ಯಾರ ಕೈದು?"

"ನನ್ನದು."

"ಅಷ್ಟೇಯ."

ಡಿಸ್ಕುಗಳನ್ನು ತೋರಿಸಿದೆ. ಒಂದನ್ನು ಕೈಗೆ ತೆಗೆದುಕೊಂಡು ಹೊದಿಕೆಯ ಮೇಲಿದ್ದ ತಮ್ಮದೇ ಮುಖದ ಪಟವನ್ನು ಸ್ವಲ್ಪ ಹೊತ್ತು ನೋಡಿ ವಾಪಸು ಪೆಟ್ಟಿಗೆಯಲ್ಲಿಟ್ಟರು. ಎಲ್ಲರ ಮನೆಯಲ್ಲೂ ಇರುವುದನ್ನು ತಾಂಬೂಲದಲ್ಲಿ ಇಟ್ಟು ಕೊಟ್ಟರೆ ನಗುತ್ತಾರೆ ಎಂದರು. ಸಂಘಮಿತ್ರ ಒಳಗಿನಿಂದ ಬಂದು ಪೆಟ್ಟಿಗೆಗಳನ್ನು ಮತ್ತೆ ಆಟೋಗೆ ಇಡಲು ಸಹಾಯ ಮಾಡಿದಳು. ಮದುವೆಗೆ ಬನ್ನಿ ಆಂಟಿ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇ 4, ಭಾನುವಾರ

ಹೋಗಬಾರದು ಎಂದುಕೊಂಡಿದ್ದೆ. ಹೋದೆ. ಕ್ಯಾಮೆರಾ ಇಲ್ಲ, ಏನೂ ಇಲ್ಲ. ಒಂದು ಸೀರೆ ಮುಯ್ಯಿ ಹಾಕಿದೆ.

ಸಮುದಾಯ ಭವನದಲ್ಲಿ ಬುದ್ಧವಂದನೆ ಆಯಿತು, ಮದುವೆ ಆಯಿತು. ಜನ ಕುರ್ಚಿ ಸಾಲದೆ ನಿಂತಿದ್ದರು. ಪುಟ್ಟಲಿಂಗಮ್ಮ ಹಸಿರು ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಮದುವೆಯುದ್ದಕ್ಕೂ ಬಾಯಿ ಬಿಡಲಿಲ್ಲ. ಊಟದ ಕೊನೆಯ ಪಂಕ್ತಿ ನಡೆಯುತ್ತಿರುವಾಗಲೇ ಹುಡುಗಿಯನ್ನು ಒಪ್ಪಿಸುವ ಹೊತ್ತು ಬಂತು. ಅಜ್ಜಿ ಹಾಡ್ತಾರಂತೆ ಎಂದು ಸುದ್ದಿ ಹಬ್ಬಿ ಜನ ಎದ್ದು ಮುಂದೆ ಬಂದರು. ಸಂಘಮಿತ್ರ ಎದುರಿಗೆ ಬಂದು ನಿಂತಳು. ಪುಟ್ಟಲಿಂಗಮ್ಮ ಎದ್ದು ಅವಳ ಗಲ್ಲ ಹಿಡಿದರು. ಸುತ್ತಲೂ ಫೋನುಗಳು ಎದ್ದವು, ಹಿಂದಿನ ಸಾಲಿನವರದು ತಲೆಯ ಮೇಲೆ.

ಅವರು ಒಂದು ಸುತ್ತು ನೋಡಿದರು. ಮೊಮ್ಮಗಳ ಕೈ ಹಿಡಿದು ವಧುವಿನ ಕೋಣೆಗೆ ನಡೆದರು. ಸೊಸೆಗೆ ಏನೋ ಹೇಳಿದರು. ಸೊಸೆ ಅಡುಗೆ ಮನೆಯಿಂದ ಒಂದು ದೊಡ್ಡ ಮೊರ ತಂದು ಕೋಣೆಯ ಬಾಗಿಲಲ್ಲಿ ಇಟ್ಟಳು. ಒಳಗೆ ಬರುವ ಹೆಂಗಸರು ಫೋನನ್ನು ಮೊರಕ್ಕೆ ಹಾಕಿ ಬರಬೇಕು. ಹಾಕಿದರು. ಗೊಣಗುತ್ತ ಹಾಕಿದವರೂ ಉಂಟು, ಸೋಮಮ್ಮನೂ ತಲೆ ತಗ್ಗಿಸಿ ಹಾಕಿದಳು. ಅವಳನ್ನು ಒಳಗೆ ಬಿಟ್ಟರು. ನಾನೂ ಸಾಲಿನಲ್ಲಿ ನಿಂತು ನನ್ನದನ್ನು ಹಾಕಿದೆ. ಬಾಗಿಲಲ್ಲಿ ಪುಟ್ಟಲಿಂಗಮ್ಮ ನಿಂತಿದ್ದರು. ನನ್ನನ್ನು ನೋಡಿ ಬಾಗಿಲಿಗೆ ಅಡ್ಡಲಾಗಿ ಕೈ ಇಟ್ಟರು.

"ನೀವು ಊಟ ಮಾಡ್ಕಂಡು ಹೋಗಿ ಮೇಡಮ್ಮೋರೆ."

ಕೋಪದಿಂದ ಹೇಳಲಿಲ್ಲ. ಬ್ಯಾಂಕಿನವರಿಗೆ, ಆಸ್ಪತ್ರೆಯವರಿಗೆ ಹೇಳುವಂತೆ ಮರ್ಯಾದೆಯಿಂದ ಹೇಳಿದರು. ಬಾಗಿಲು ಮುಚ್ಚಿತು, ಅಗುಳಿ ಬಿದ್ದ ಸದ್ದಾಯಿತು.

ಮನೋಹರ್ ಆಚೆ ಈಚೆ ಓಡಾಡುತ್ತಿದ್ದರು, ಹೊರಗೆ ಕಾರು ಬಂದಿತ್ತು. ನಡೆದದ್ದು ಅವರಿಗೆ ಗೊತ್ತಾಗಿರಲಿಲ್ಲ. "ಮೇಡಂ, ಯಾರೂ ಇಲ್ಲ ಇಲ್ಲಿ, ಒಂದ್ ಗಳಿಗೆ ಈ ಫೋನ್‌ಗಳು ನೋಡ್ಕೊಳಿ, ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಹೇಳ್ಲಿ" ಎಂದು ಹೋಗಿಬಿಟ್ಟರು.

ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಒಳಗೆ ಮೊದಲು ಮಾತು ಕೇಳುತ್ತಿತ್ತು, ಆಮೇಲೆ ಎಲ್ಲರೂ ಸುಮ್ಮನಾದರು. ಪದ ಶುರುವಾಯಿತು ಎಂದು ಅದರಿಂದಲೇ ಗೊತ್ತಾಯಿತು, ಅವರ ಮೆಲುದನಿ ಬಾಗಿಲು ದಾಟುತ್ತಿರಲಿಲ್ಲ. ಮೊರದಲ್ಲಿ ಒಂದು ಫೋನ್ ಗುರ್ ಎಂದಿತು. ಅದು ನಿಲ್ಲುವಷ್ಟರಲ್ಲಿ ಇನ್ನೊಂದು ಹೊಡೆದುಕೊಂಡಿತು, ಯಾವುದೋ ಸಿನಿಮಾ ಹಾಡು. ಯಾರದೆಂದು ಗೊತ್ತಿಲ್ಲದ ಫೋನನ್ನು ಮುಟ್ಟುವುದು ಸರಿಯಲ್ಲ. ಆರಿಸಲು ಕೂಡ ಮುಟ್ಟಲಿಲ್ಲ. ಅಗುಳಿ ತೆಗೆಯುವವರೆಗೆ ಹಾಗೇ ಕಾಯುತ್ತ ಕೂತಿದ್ದೆ.